ಕಾಲಿಲ್ 'ಇಲ್ಲ' ಎಂದ ದಿನ

ಕಾಲಿಲನ ಮನೆಗೆ ಫೋನಿನ ಮಾತು ಬರುತ್ತಿತ್ತು, ನೆಟ್ ಬರುತ್ತಿರಲಿಲ್ಲ. ಆ ಶುಕ್ರವಾರದ ಎಲ್ಲ ಫಜೀತಿಗೂ ಮೂಲ ಇಷ್ಟೇ.

ನೆಟ್ ಬರುತ್ತಿದ್ದದ್ದು ಬೇಲಿಯಾಚೆ, ಶೇಶೆನನ ಕೊಟ್ಟಿಗೆಯ ಮೇಲೆ ಒಟ್ಟಿದ್ದ ಹುಲ್ಲಿನ ಮೆದೆಯ ತುದಿಯಲ್ಲಿ. ಬಿಟ್ಟರೆ ಬೀದಿಯ ತಿರುವಿನ ಬುಬುಶಳ ಅಂಗಡಿಯಲ್ಲಿ. ಅದನ್ನೂ ಬಿಟ್ಟರೆ ಶಾಲೆಯಲ್ಲಿ, ಅದೂ ಗಣಿತದ ಅಸಾನಾಲಿ ಮೇಷ್ಟ್ರು ಮನಸ್ಸು ಮಾಡಿ ಪಾಸ್‌ವರ್ಡ್ ಹೇಳಿದರೆ. ಹೀಗಾಗಿ ಕಾಲಿಲನ ಮಗಳು ಜಿಬೆಕ್‌ಳ ಹಣೆಬರಹ ಅವಳ ಮನೆಯವರಿಗಿಂತ ಮೊದಲು ಊರಿಗೆಲ್ಲ ಕಾಣುತ್ತಿತ್ತು.

ಹಣೆಬರಹ ಎಂದರೆ ಒಂದು ಪಟ್ಟಿ. ಬಿಷ್ಕೆಕ್‌ನ ದೊಡ್ಡ ವಿಶ್ವವಿದ್ಯಾಲಯವೊಂದಕ್ಕೆ ಎರಡು ಸಾವಿರ ಮಕ್ಕಳು ಅರ್ಜಿ ಹಾಕಿದ್ದರು. ತೆಗೆದುಕೊಳ್ಳುವುದು ಅರವತ್ತು ಮಂದಿಯನ್ನು. ಜಿಬೆಕ್ ಅರವತ್ತರಲ್ಲಿ ಇರಲಿಲ್ಲ. ಆದರೆ ಅರವತ್ತರ ಕೆಳಗೆ ಒಂದು ಗೆರೆ ಎಳೆದು, ಗೆರೆಯ ಕೆಳಗೆ ಕಾಯುವವರ ಹೆಸರು ಹಾಕಿದ್ದರು. ಅಲ್ಲಿ ಅವಳು ಏಳನೆಯವಳು. ಅವಳ ಬೆನ್ನಿಗೇ ಎಂಟನೆಯವನು ಪಕ್ಕದ ಮನೆ ಶೇಶೆನನ ಮಗ ಎಲ್ದಾರ್. ಮೇಲಿನವರು ಯಾರಾದರೂ ಬೇಡ ಎಂದರೆ ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಏರುತ್ತಾರೆ. ಶುಕ್ರವಾರ ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತದೆ.

ಜಿಬೆಕ್‌ಗೆ ಇದ್ದದ್ದು ಒಂದೇ ಆಸೆ, ಬೆಟ್ಟದ ಮೇಲಿನ ಹಿಮ ವರ್ಷವರ್ಷಕ್ಕೂ ಯಾಕೆ ಹಿಂದೆ ಸರಿಯುತ್ತಿದೆ ಎಂದು ಓದಿ ತಿಳಿಯಬೇಕು. ಅದನ್ನು ಕಲಿಸುವುದು ಅಲ್ಲಿ ಮಾತ್ರ. ಕಾಲಿಲ್ ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು. ನಾಲ್ಕು ವರ್ಷದ ಚಳಿಗಾಲವೆಲ್ಲ ಅವಳು ಅಪ್ಪನ ಬಾಯ್ಲರ್ ಕೋಣೆಯಲ್ಲೇ, ಇದ್ದಲಿನ ಗುಡ್ಡೆಯ ಪಕ್ಕ ಕೂತು ಓದಿದ್ದಳು. ಅವಳ ಪುಸ್ತಕಗಳನ್ನು ಯಾರು ಮುಟ್ಟಿದರೂ ಬೆರಳು ಕಪ್ಪಾಗುತ್ತಿತ್ತು.

"ಐದು ಗಂಟೆಗೆ ಒಂದೇ ಸಲ ನೋಡ್ತೀನಿ," ಎಂದು ಅವಳು ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು. "ಅಲ್ಲೀವರೆಗೆ ಆ ಪಟ್ಟಿ ಮಾತು ನನ್ ಹತ್ರ ಯಾರೂ ಎತ್ತಬೇಡಿ." ಹೇಳಿ, ಸುಣ್ಣದ ಬಕೆಟ್ಟು ತೆಗೆದುಕೊಂಡು ಹಿತ್ತಲಿಗೆ ಹೋಗಿ ಕೊಟ್ಟಿಗೆಗೆ ಸುಣ್ಣ ಬಳಿಯತೊಡಗಿದಳು.

ಎಂಟು ಗಂಟೆಗೆ ಕಾಲಿಲ್ ಅಂಗಳದಲ್ಲಿ ಮುಖ ತೊಳೆಯುತ್ತಿದ್ದ. ಆಕಾಶದಿಂದ ದನಿ ಬಂತು.

"ಕಾಲಿಲ್, ಸುಯುಂಚು."

ತಲೆಯೆತ್ತಿದ. ಹುಲ್ಲಿನ ಮೆದೆಯ ಮೇಲೆ ಶೇಶೆನ್ ಕೊಕ್ಕರೆಯ ಹಾಗೆ ಒಂಟಿಕಾಲಿನಲ್ಲಿ ನಿಂತು, ಫೋನನ್ನು ಮೇಲಕ್ಕೆ ಹಿಡಿದಿದ್ದ.

ಸುಯುಂಚು ಎಂದವನು ಒಳ್ಳೆಯ ಸುದ್ದಿ ತಂದಿದ್ದಾನೆ ಎಂದರ್ಥ. ಏನು ಕೊಡುತ್ತೀ ಎಂದು ಮೊದಲು ಹೇಳಬೇಕು, ಆಮೇಲೆ ಸುದ್ದಿ. ಇಲ್ಲ ಎನ್ನುವವರು ಆ ಊರಿನಲ್ಲಿ ಯಾರೂ ಇಲ್ಲ. ಅದರಲ್ಲೂ ಕಾಲಿಲ್ ಯಾವ ಸಂಗತಿಗೂ ಇಲ್ಲ ಎಂದವನಲ್ಲ. ಆ ಮಾತು ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಲ್ಲುತ್ತಿತ್ತು.

"ಏನ್ ಬೇಕು ಶೇಶೆನ್ ಬೈಕೆ?" ಎಂದು ಕೇಳಿದ. ಶೇಶೆನ್ ಅವನಿಗಿಂತ ಆರು ವರ್ಷ ದೊಡ್ಡವನು, ಅಣ್ಣನ ಸಮಾನ.

"ಹಬ್ಬಕ್ಕೆ ಅಂತ ಹೊಸ ಕಲ್ಪಾಕ್ ತಂದಿದ್ಯಲ್ಲ, ಅದೇ ಸಾಕು. ನಾನೇನು ದುರಾಸೆಯವನಲ್ಲ."

"ಆಯ್ತು. ಏನ್ ಸುದ್ದಿ?"

"ಇಬ್ಬರು ಬೇಡ ಅಂದಿದಾರೆ. ನಿನ್ ಮಗಳು ಐದನೇ ನಂಬರ್."

ಕಾಲಿಲನ ಎದೆ ಹಿಗ್ಗಿತು. ಒಳಗೆ ಓಡಿ, ಪೆಟ್ಟಿಗೆಯಲ್ಲಿ ಕಾಗದ ಸುತ್ತಿ ಇಟ್ಟಿದ್ದ ಬಿಳಿ ಉಣ್ಣೆಯ ಟೋಪಿಯನ್ನು ತಂದು ಬೇಲಿಯಾಚೆ ಚಾಚಿದ. ಹೆಂಡತಿ ತಾಜಿಗುಲ್ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತು ನೋಡಿದಳು.

"ನಿನ್ ಮಗಳು ಐದಾದ್ರೆ ಅವನ ಮಗ ಆರಾಗಿದಾನೆ," ಎಂದಳು. "ಆ ಸುದ್ದಿಗೆ ಅವನ ಹತ್ರ ನೀನೂ ಏನಾದ್ರೂ ಕೇಳಬೇಕಿತ್ತು."

"ಅದು ಅವನಿಗೇ ಗೊತ್ತಲ್ಲ ಮುದುಕಿ. ಗೊತ್ತಿರೋ ಸುದ್ದಿಗೆ ಹೇಗೆ ಕೇಳೋದು?"

ತಾಜಿಗುಲ್‌ಗೆ ಇನ್ನೂ ನಲವತ್ತಾರು. ಅವಳು ಒಳಗೆ ಹೋಗಿ ಹಿಟ್ಟಿಗೆ ಒಂದು ಗುದ್ದು ಕೊಟ್ಟಳು.

ಒಂಬತ್ತೂವರೆಗೆ ಬುಬುಶ್ ಎಜೆ ಬಂದಳು. ಬೀದಿಗೆಲ್ಲ ಹಿರಿಯಕ್ಕ, ದಪ್ಪನೆಯ ಹೆಂಗಸು. ಅಂಗಡಿಯನ್ನು ತೆರೆದೇ ಬಿಟ್ಟು ಓಡಿ ಬಂದಿದ್ದರಿಂದ ಕೈಯಲ್ಲಿ ಇನ್ನೂ ತಕ್ಕಡಿಯ ಬಟ್ಟಲಿತ್ತು.

"ತಾಜಿಗುಲ್, ಸುಯುಂಚು. ಉಸಿರು ಬರ್ಲಿ ತಾಳು, ಹೇಳ್ತೀನಿ. ನೀನು ಅಷ್ಟರಲ್ಲಿ ಏನು ಕೊಡ್ತೀಯ ಯೋಚ್ನೆ ಮಾಡು."

ಕಾಲಿಲನ ಮೇಲೆ ರೇಗುತ್ತಿದ್ದ ತಾಜಿಗುಲ್‌ಗೆ ಈಗ ತನ್ನ ಸರದಿ ಬಂದಾಗ ನಾಲಿಗೆ ಏಳಲಿಲ್ಲ. ಅವಳು ತಲೆಗೆ ಕಟ್ಟಿದ್ದ ಹೂವಿನ ಅಂಚಿನ ರುಮಾಲನ್ನೇ ಬುಬುಶ್ ಎಜೆ ಎರಡು ಬೆರಳಲ್ಲಿ ಹಿಡಿದು, "ಇದರ ಬಣ್ಣ ನನಗೆ ಒಪ್ಪುತ್ತೆ ಅಲ್ವಾ?" ಎಂದಳು. ಒಪ್ಪಿತು. ಜಿಬೆಕ್ ನಾಲ್ಕನೆಯ ನಂಬರಿಗೆ ಬಂದಿದ್ದಳು.

ಸುದ್ದಿ ಶಾಲೆಗೂ ಮುಟ್ಟಿತು. ಹತ್ತೂಕಾಲಿಗೆ ಅಸಾನಾಲಿ ಮೇಷ್ಟ್ರು ಸೈಕಲ್ಲಿನಲ್ಲಿ ಬಂದರು. ಅವರ ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಕಾಗದವಿತ್ತು. ಅವರು ನಿನ್ನೆಯಿಂದ ಜಿಬೆಕ್‌ಳ ಸಂಭವವನ್ನು ಲೆಕ್ಕ ಹಾಕುತ್ತಿದ್ದರು.

"ಕಾಲಿಲ್ ಬೈಕೆ, ಸುಯುಂಚು."

"ನಂಬರ್ ಇಳೀತಾ ಮೇಷ್ಟ್ರೇ?"

"ನಂಬರ್ ಅಲ್ಲ. ನಂಬರ್ ಯಾರು ಬೇಕಾದ್ರೂ ಓದ್ತಾರೆ. ನಾನು ತಂದಿರೋದು ಶೇಕಡಾ."

ಶೇಕಡಾಕ್ಕೂ ಸುಯುಂಚು ಉಂಟೇ ಎಂದು ಕಾಲಿಲ್ ಹೆಂಡತಿಯ ಮುಖ ನೋಡಿದ. ಹೆಂಡತಿ ಆಕಾಶ ನೋಡಿದಳು. ಮೇಷ್ಟ್ರು ಅಂಗಳದಲ್ಲಿ ಓಡಾಡುತ್ತಿದ್ದ ಕೆಂಪು ಹುಂಜವನ್ನು ನೋಡಿದರು.

"ಆಯ್ತು, ಹುಂಜ ತಗೊಳ್ಳಿ."

"ನಿನ್ನೆ ಅವಳ ಸಂಭವ ಶೇಕಡಾ ಇಪ್ಪತ್ತೆರಡು. ಇವತ್ತು ನಲವತ್ತೊಂದೂವರೆ."

"ಆ ಅರ್ಧ ಎಲ್ಲಿಂದ ಬಂತು?" ತಾಜಿಗುಲ್ ಕೇಳಿದಳು.

"ಅದು ಲೆಕ್ಕ ತಾಯಿ. ಪೂರ್ತಿ ಅಂಕೆ ಬಂದ್ರೆ ಅನುಮಾನ ಪಡಬೇಕು, ಅರ್ಧ ಬಂದ್ರೆ ನಂಬಬಹುದು."

ಹುಂಜ ಹಿಡಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಅದು ಕೊಟ್ಟಿಗೆಯೊಳಗೆ ನುಗ್ಗಿ, ಜಿಬೆಕ್ ಹೊಸದಾಗಿ ಬಳಿದಿದ್ದ ಗೋಡೆಗೆ ಉಜ್ಜಿಕೊಂಡು, ಅರ್ಧ ಬೆಳ್ಳಗಾಗಿ ಹೊರಬಂತು. ಜಿಬೆಕ್ ಬಾಗಿಲಿಗೆ ಬಂದು, ಮೇಷ್ಟ್ರನ್ನು, ಹುಂಜವನ್ನು, ಅಪ್ಪನನ್ನು ಕ್ರಮವಾಗಿ ನೋಡಿದಳು. ಯಾರೂ ಪಟ್ಟಿಯ ಮಾತೆತ್ತಲಿಲ್ಲ. ಅವಳು ಒಳಗೆ ಹೋಗಿ ಗೋಡೆಗೆ ಇನ್ನೊಂದು ಸಲ ಬಳಿದಳು.

ಮೇಷ್ಟ್ರು ಹನ್ನೊಂದೂವರೆಗೆ ಮತ್ತೆ ಬಂದರು. ಶೇಕಡಾ ಐವತ್ತಾರಾಗಿತ್ತು. ಪೂರ್ತಿ ಅಂಕೆ ಎಂದು ತಾಜಿಗುಲ್ ಅನುಮಾನ ಪಟ್ಟಳು. ಆದರೂ ಒಂದು ಹೇಂಟೆ ಹೋಯಿತು, ಹುಂಜಕ್ಕೆ ಬೇಜಾರಾಗುತ್ತದೆ ಎಂದು ಮೇಷ್ಟ್ರೇ ಹೇಳಿದ ಮೇಲೆ.

ಮಧ್ಯಾಹ್ನ ಕಾಲಿಲ್ ಬೀದಿಗೆ ಹೋಗುವುದನ್ನೇ ಬಿಟ್ಟ. ಗೇಟಿಗೆ ಒಳಗಿನಿಂದ ಅಗುಳಿ ಹಾಕಿ, ಗೋಡೆಗೊರಗಿ ನೆರಳಲ್ಲಿ ಕೂತ. ಗೇಟು ಮುಚ್ಚಿದರೇನು, ಫೋನು ತೆರೆದೇ ಇತ್ತಲ್ಲ. ತಲಾಸ್‌ನಿಂದ ಅವನ ಚಿಕ್ಕಪ್ಪನ ಮಗ ಜೊಲ್ದೋಶ್ ಕರೆ ಮಾಡಿದ. ನಾಲ್ಕು ವರ್ಷದಿಂದ ಮಾತಾಡದ ಜೊಲ್ದೋಶ್.

"ಕಾಲಿಲ್ ಬೈಕೆ, ಆರೋಗ್ಯನಾ? ಅತ್ತಿಗೆ ಆರೋಗ್ಯನಾ? ದನಕರು? ಸುಯುಂಚು."

"ನೀನು ಅಷ್ಟು ದೂರ ಇದೀಯಲ್ಲೋ. ಕೊಟ್ರೂ ಹೇಗೆ ತಗೊಂಡು ಹೋಗ್ತೀಯ?"

"ಅವಸರ ಇಲ್ಲ ಬೈಕೆ. ಈ ಸಲ ಹುಟ್ಟಿದ ಕುರಿಮರಿ ಒಂದು ನನ್ ಹೆಸರಲ್ಲಿ ಬೆಳೀಲಿ. ಶರತ್ಕಾಲಕ್ಕೆ ಬಂದು ಕರ್ಕೊಂಡು ಹೋಗ್ತೀನಿ."

ಕುರಿಮರಿ ಜೊಲ್ದೋಶನ ಹೆಸರಿಗೆ ಹೋಯಿತು. ಸುದ್ದಿ: ಎರಡನೆಯ ನಂಬರು. ನಡುವಿನ ಮೂರನೆಯದು ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಬಹುಶಃ ಅದನ್ನು ತರಲು ಹೊರಟವರು ಗೇಟಿನ ಅಗುಳಿ ನೋಡಿ ಹಿಂದಿರುಗಿರಬೇಕು.

ಆದರೆ ಎರಡನೆಯದಾದ ಮೇಲೆ ಅಗುಳಿ ಯಾವ ಲೆಕ್ಕ? ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಬೇಲಿಯ ಮೇಲಿನಿಂದ ಶೇಶೆನ್, ಗೇಟಿನ ಸಂದಿನಿಂದ ಬುಬುಶ್ ಎಜೆ, ಹಿತ್ತಲ ಕಾಲುವೆ ದಾಟಿಕೊಂಡು ಪ್ಯಾಂಟು ಮೊಣಕಾಲವರೆಗೆ ಒದ್ದೆಯಾಗಿದ್ದ ಅಸಾನಾಲಿ ಮೇಷ್ಟ್ರು, ಮೂವರೂ ಒಂದೇ ಉಸಿರಿನಲ್ಲಿ ಅದೇ ಮಾತು ಕೂಗಿದರು.

"ಮೊದಲು ನನ್ನ ದನಿ ಬಂದಿದ್ದು," ಎಂದ ಶೇಶೆನ್.

"ನಿನ್ನದು ದನಿ, ನನ್ನದು ಮಾತು," ಎಂದಳು ಬುಬುಶ್ ಎಜೆ. "ನೀನು ಕೂಗಿದ್ದು ಯಾರಿಗೆ ಅರ್ಥ ಆಯ್ತು? ಹುಲ್ಲು ಬಾಯಲ್ಲಿತ್ತು ನಿಂಗೆ."

"ಮೂರೂ ಒಂದೇ ಕ್ಷಣದಲ್ಲಿ ಬಂದಿವೆ," ಎಂದು ಮೇಷ್ಟ್ರು ಗಡಿಯಾರ ನೋಡಿ ತೀರ್ಪು ಕೊಟ್ಟರು. "ಒಂದನ್ನು ಮೂರು ಪಾಲು ಮಾಡೋದಕ್ಕಿಂತ ಮೂವರಿಗೂ ಒಂದೊಂದು ಕೊಡೋದು ಸುಲಭ. ಭಿನ್ನರಾಶಿ ಬೇಡ."

ಜಿಬೆಕ್ ಒಂದನೆಯ ನಂಬರಿನಲ್ಲಿ ನಿಂತಿದ್ದಳು. ಇನ್ನು ಗೆರೆಗೂ ಅವಳಿಗೂ ನಡುವೆ ಯಾರೂ ಇಲ್ಲ. ಒಬ್ಬರು, ಒಬ್ಬರೇ ಒಬ್ಬರು ಬೇಡ ಎಂದರೆ ಸಾಕು. ಅದನ್ನು ಕೇಳಿದ ಮೇಲೆ ಕಾಲಿಲನಿಗೆ ಮನೆಯ ಸಾಮಾನು ಕಣ್ಣಿಗೇ ಕಾಣಲಿಲ್ಲ. ಶೇಶೆನನಿಗೆ ಕುದುರೆಯ ಜೀನು ಹೋಯಿತು. ಮೇಷ್ಟ್ರಿಗೆ ಗೋಡೆಗೆ ಅಲಂಕಾರಕ್ಕೆ ತೂಗುಹಾಕಿದ್ದ ಕಂಬಳಿ. ಬುಬುಶ್ ಎಜೆಗೆ ಚಹಾದ ನೀರು ಕಾಯಿಸುವ ಸಮೋವರ್. ಕಂಬಳಿ ತೆಗೆದ ಕಡೆ ಗೋಡೆ ಬೆಳ್ಳಗೆ, ಚೌಕವಾಗಿ, ಹಲ್ಲು ಕಿತ್ತ ಬಾಯಿಯ ಹಾಗೆ ಕಾಣಿಸಿತು.

"ಜಿಬೆಕ್‌ಳ ಅಪ್ಪಾ," ಎಂದಳು ತಾಜಿಗುಲ್ ಮೆಲ್ಲನೆ, "ಇನ್ನು ಉಳಿದಿರೋದು ನಾನು."

"ಸೀಟು ಸಿಗ್ಲಿ ಮುದುಕಿ. ಎಲ್ಲ ಮತ್ತೆ ಮಾಡ್ಕೊಬಹುದು."

ಮೂವರೂ ಹೋಗಲಿಲ್ಲ. ಕೊನೆಯ ಸುದ್ದಿ, ಎಲ್ಲಕ್ಕಿಂತ ದೊಡ್ಡದು, ಇನ್ನೂ ಬರಬೇಕಿತ್ತಲ್ಲ. ಅದನ್ನು ಕೂಗಿದವರ ಪಾಲಿಗೆ ಕಡಿಮೆಯೆಂದರೆ ಕೊಬ್ಬಿದ ಟಗರು ಕಾದಿತ್ತು. ಬೀದಿಯ ಉಳಿದವರೂ ಒಬ್ಬೊಬ್ಬರಾಗಿ ಬಂದು ಅಂಗಳದ ತುಂಬ ಕೂತರು. ಬಂದವರಿಗೆ ಚಹಾ ಕೊಡದಿರುವುದು ಹೇಗೆ? ತಾಜಿಗುಲ್ ಒಲೆಯ ಮೇಲೆ ಸಣ್ಣ ಪಾತ್ರೆಯಿಟ್ಟು ಒದ್ದಾಡುವುದನ್ನು ನೋಡಿ ಬುಬುಶ್ ಎಜೆಗೆ ಕನಿಕರ ಬಂತು.

"ನನ್ನ ಸಮೋವರಿನಲ್ಲಿ ಕಾಯಿಸ್ಕೋ ತಾಜಿಗುಲ್. ಸಂಕೋಚ ಬೇಡ. ಆದ್ರೆ ನಲ್ಲಿ ಸ್ವಲ್ಪ ನಿಧಾನಕ್ಕೆ ತಿರುಗಿಸು, ಹಾಳಾಗುತ್ತೆ."

ತಾಜಿಗುಲ್ ಹದಿನೆಂಟು ವರ್ಷ ತಿರುಗಿಸಿದ್ದ ನಲ್ಲಿಯನ್ನು ನಿಧಾನಕ್ಕೆ ತಿರುಗಿಸಿದಳು. ಬೆಳಿಗ್ಗೆ ಕರಿದಿದ್ದ ಬೊರ್ಸೊಕ್ ಎಂಬ ಹಿಟ್ಟಿನ ತಿಂಡಿ ಒಂದು ಬುಟ್ಟಿ ಖಾಲಿಯಾಯಿತು, ಇನ್ನೊಂದು ಕರಿದಳು. ಮೇಷ್ಟ್ರು ಕಾಗದದ ಮೇಲೆ ಗೀಚಿ, ಸಂಭವ ಶೇಕಡಾ ತೊಂಬತ್ತೊಂದು ಎಂದರು. ಅದಕ್ಕೆ ಏನೂ ಕೇಳಲಿಲ್ಲ. ಕೇಳಲು ಕಣ್ಣಿಗೆ ಬೀಳುವಂಥದ್ದು ಏನೂ ಇರಲಿಲ್ಲ.

ನಾಲ್ಕೂವರೆಗೆ ಮಾತು ನಿಂತಿತು. ನಾಲ್ಕೂ ಮುಕ್ಕಾಲಿಗೆ ಚಹಾ ಹೀರುವ ಸದ್ದು ನಿಂತಿತು. ಶೇಶೆನ್ ಮತ್ತೆ ಹುಲ್ಲಿನ ಮೆದೆ ಹತ್ತಿದ. ಬುಬುಶ್ ಎಜೆ ತನ್ನ ಸೊಸೆಯನ್ನು ಅಂಗಡಿಯ ಬಾಗಿಲಲ್ಲಿ, ಕೂಗಿದರೆ ಅಂಗಳಕ್ಕೆ ಕೇಳುವ ಹಾಗೆ ನಿಲ್ಲಿಸಿದ್ದಳು. ಮೇಷ್ಟ್ರು ತರಿಸಿಕೊಂಡಿದ್ದ ಸೈಕಲ್ಲು ಗೇಟಿನ ಕಡೆ ಮುಖ ಮಾಡಿ ನಿಂತಿತ್ತು. ಕಾಲಿಲ್ ಅಂಗಳದ ನಡುವೆ, ಮಾತು ಮರೆತ ಮದುಮಗನ ಹಾಗೆ ಕೈ ಜೋಡಿಸಿ ನಿಂತಿದ್ದ.

ಐದು ಹೊಡೆಯಿತು. ಯಾರೂ ಕೂಗಲಿಲ್ಲ.

ಐದು ಗಂಟೆ ಎರಡು ನಿಮಿಷಕ್ಕೆ ಶೇಶೆನ್ ಏಣಿ ಇಳಿದು ಬಂದ. ಇಳಿಯುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ.

ಜಿಬೆಕ್ ಹಿತ್ತಲಿನಿಂದ ಬಂದಳು. ಮೊಣಕೈವರೆಗೆ ಸುಣ್ಣ. ಶೇಶೆನನ ಕೈಯಿಂದ, ಪಟ್ಟಿ ತೆರೆದೇ ಇದ್ದ ಫೋನು ತೆಗೆದುಕೊಂಡು, ಹೇಳಿದ ಹಾಗೆಯೇ ಒಂದೇ ಒಂದು ಸಲ ನೋಡಿದಳು.

"ಒಂದನೇ ನಂಬರ್," ಎಂದಳು. "ಮುಚ್ಚಿದೆ ಅಂತ ಬರೆದಿದಾರೆ."

ಫೋನು ವಾಪಸು ಕೊಟ್ಟು, ಬೇಲಿಗೆ ಸಿಕ್ಕಿಸಿದ್ದ ಕೋಲು ತೆಗೆದುಕೊಂಡು, ಹಸು ಹೊಡೆದುಕೊಂಡು ಬರಲು ಹೊಳೆಯ ಕಡೆ ನಡೆದಳು. ಕಾಲಿಲ್ ಅವಳ ಹಿಂದೆ ಎರಡು ಹೆಜ್ಜೆ ಇಟ್ಟ. ಅಲ್ಲೇ ನಿಂತು ಅವಳು ಮರೆಯಾಗುವವರೆಗೆ ನೋಡಿದ.

ಅಂಗಳದಲ್ಲಿ ಎಲ್ಲರಿಗೂ ಇದ್ದಕ್ಕಿದ್ದಂತೆ ಮನೆಗೆಲಸ ನೆನಪಾಯಿತು. ಬುಬುಶ್ ಎಜೆ ಸಮೋವರಿನ ಬಿಸಿ ನೀರು ಚೆಲ್ಲಿ, ಅದನ್ನು ಸೊಂಟಕ್ಕೆ ಏರಿಸಿದಳು. ಮೇಷ್ಟ್ರು ಕಂಬಳಿಯನ್ನು ಸೈಕಲ್ಲಿಗೆ ಕಟ್ಟತೊಡಗಿದರು.

"ಸೀಟೇ ಸಿಗ್ಲಿಲ್ಲ ಅಂದ್ಮೇಲೆ," ಎಂದು ತಾಜಿಗುಲ್ ಶುರು ಮಾಡಿದಳು.

"ಸುದ್ದಿ ಸುಳ್ಳಾಗ್ಲಿಲ್ಲವಲ್ಲ ತಾಯಿ," ಎಂದರು ಮೇಷ್ಟ್ರು ಗಂಟು ಬಿಗಿಯುತ್ತ. "ಒಂದನೇ ನಂಬರ್ ಅಂದ್ವಿ, ಒಂದನೇ ನಂಬರೇ. ಸಿಗದೇ ಇದ್ದವರಲ್ಲೆಲ್ಲ ಇಡೀ ದೇಶಕ್ಕೇ ಮೊದಲು ನಮ್ಮ ಹುಡುಗಿ."

ಗೇಟು ಮುಚ್ಚಿತು. ಗಂಡ ಹೆಂಡತಿ ಇಬ್ಬರೇ ಖಾಲಿ ಅಂಗಳದಲ್ಲಿ ಉಳಿದರು. ತಾಜಿಗುಲ್ ಅಳುತ್ತಾಳೆ ಎಂದುಕೊಂಡ ಕಾಲಿಲ್. ಅವಳು ಅಳಲಿಲ್ಲ. ಗಂಡನ ತೋಳು ಹಿಡಿದು ಜಗಲಿಯ ಮೇಲೆ ಕೂರಿಸಿ, ಶಾಲಾ ತಪಾಸಣೆಗೆ ಬಂದ ಅಧಿಕಾರಿಯ ಹಾಗೆ ಎದುರು ನಿಂತಳು.

"ಇವತ್ತಿಂದ ಆ ಮಾತು ಯಾರ ಬಾಯಲ್ಲಿ ಬಂದ್ರೂ ನೀನು ಏನನ್ಬೇಕು?"

"ಏನನ್ಬೇಕು?"

"ಇಲ್ಲ ಅನ್ಬೇಕು. ಹೇಳು."

"ಇ..." ಎಂದ ಕಾಲಿಲ್. ಮುಳ್ಳು ಅಡ್ಡ ನಿಂತಿತು.

"ನಾನೇ ಬುಬುಶ್ ಅನ್ಕೋ. ಕಾಲಿಲ್, ಸುಯುಂಚು."

"ಏನ್ ಬೇಕು ಬುಬುಶ್ ಎಜೆ?"

ತಾಜಿಗುಲ್ ಹಣೆ ಚಚ್ಚಿಕೊಂಡಳು. "ಮಗಳ ಮುಖ ನೆನಪು ಮಾಡ್ಕೋ. ಈಗ ಹೋದಳಲ್ಲ, ಆ ಮುಖ. ಇವರೆಲ್ಲ ಅವಳ ಆಸೇನ ತುಂಡು ತುಂಡು ಮಾಡಿ ಮನೆಗೆ ಹೊತ್ಕೊಂಡು ಹೋದ್ರು. ಈಗ ಹೇಳು."

ಕಾಲಿಲ್ ಮಗಳ ಮುಖ ನೆನೆದ. ಹೊಟ್ಟೆಯೊಳಗಿನಿಂದ ಏನೋ ಬಿಸಿಯಾಗಿ ಎದ್ದು ಬಂತು, ಬಾಯ್ಲರಿಗೆ ಗಾಳಿ ಬಿಟ್ಟ ಹಾಗೆ.

"ಇಲ್ಲ," ಎಂದ. ಅವನಿಗೇ ಆಶ್ಚರ್ಯವಾಯಿತು. ಮತ್ತೊಮ್ಮೆ ಹೇಳಿ ನೋಡಿದ. "ಇಲ್ಲ." ರುಚಿ ಚೆನ್ನಾಗಿತ್ತು.

ಆಗ ಫೋನು ಬಡಿಯಿತು. ಗೊತ್ತಿಲ್ಲದ ನಂಬರು. ಮಧ್ಯಾಹ್ನದಿಂದ ಬಂದದ್ದೆಲ್ಲ ಗೊತ್ತಿಲ್ಲದ ನಂಬರುಗಳೇ. ಜೊಲ್ದೋಶ್ ತಲಾಸಿನ ಎಲ್ಲ ನೆಂಟರಿಗೂ ಹೇಳಿದ್ದನಂತೆ.

"ಸಲಾಮ್ ಬೈಕೆ," ಎಂದಿತು ಎಳೆಯ ಗಂಡು ದನಿ, ನಗುನಗುತ್ತಾ. "ಜಿಬೆಕ್ ಅವರ ತಂದೆನಾ ಮಾತಾಡೋದು?"

"ಹೌದು."

"ಹಾಗಾದ್ರೆ ಸುಯುಂಚು. ಏನ್ ಕೊಡ್ತೀರಿ ಮೊದಲು ಹೇಳಿ, ಆಮೇಲೆ ಮಾತು."

ಕಾಲಿಲ್ ಹೆಂಡತಿಯ ಕಡೆ ನೋಡಿದ. ಹೆಂಡತಿ ಗದ್ದ ಮೇಲೆತ್ತಿದಳು.

"ಇಲ್ಲ," ಎಂದು ಹೇಳಿ ಕಾಲಿಲ್ ಫೋನು ಇಟ್ಟ.

ಅರ್ಧ ನಿಮಿಷಕ್ಕೆ ಮತ್ತೆ ಬಡಿಯಿತು. "ಕರೆ ಕಟ್ಟಾಯ್ತು ಅನ್ಸುತ್ತೆ ಬೈಕೆ. ಸುಯುಂಚು ಅಂದೆ."

"ಕಟ್ಟಾಗ್ಲಿಲ್ಲ, ನಾನೇ ಕಟ್ ಮಾಡಿದ್ದು." ಹೇಳಿ ಮತ್ತೆ ಇಟ್ಟ. ತಾಜಿಗುಲ್‌ಳ ಕಣ್ಣಲ್ಲಿ ಮದುವೆಯಾದ ಹೊಸದರಲ್ಲಿ ಕಂಡಿದ್ದ ಹೊಳಪು ಕಾಣಿಸಿತು.

ಮೂರನೆಯ ಸಲ ಬಡಿದಾಗ ಕಾಲಿಲ್ ಎದ್ದು ನಿಂತೇ ಮಾತಾಡಿದ. ಇಡೀ ದಿನದ ಮಾತು ಒಟ್ಟಿಗೆ ಬಂತು.

"ನೋಡು ತಮ್ಮ, ನೀನು ಯಾರ ಕಡೆಯವನೋ ಗೊತ್ತಿಲ್ಲ. ನನ್ ಹತ್ರ ಟೋಪಿ ಇಲ್ಲ, ಹುಂಜ ಇಲ್ಲ, ಸಮೋವರ್ ಇಲ್ಲ. ಒಳ್ಳೆ ಸುದ್ದಿ ಕೇಳಿ ಕೇಳಿ ನನ್ ಮನೆ ಗುಡಿಸಿಟ್ಟ ಹಾಗಾಗಿದೆ. ನಿನ್ನ ಸುದ್ದಿ ಎಷ್ಟೇ ದೊಡ್ಡದಾಗಿರ್ಲಿ, ನಮಗೆ ಬೇಡ."

ಆ ಕಡೆ ನಗು ನಿಂತಿತು. "ಬೇಡ್ವಾ ಬೈಕೆ?"

"ಬೇಡ."

"ಚೆನ್ನಾಗಿ ಯೋಚ್ನೆ ಮಾಡಿ ಹೇಳ್ತಿದೀರಾ? ಮನೇಲೂ ಒಂದ್ಮಾತು ಕೇಳಿ."

ಕಾಲಿಲ್ ಫೋನನ್ನು ಹೆಂಡತಿಯ ಬಾಯಿಗೆ ಹಿಡಿದ. "ಬೇಡ," ಎಂದಳು ತಾಜಿಗುಲ್ ಖಣಖಣಿಸುವ ದನಿಯಲ್ಲಿ. "ಬೇಕಾದವರಿಗೆ ಹೋಗಿ ಹೇಳು."

"ಆಯ್ತು ಎಜೆ," ಎಂದಿತು ದನಿ, ಬೇಸರದಲ್ಲಿ. "ಹಾಗೇ ಬರ್ಕೊಳ್ತೀನಿ."

ತಾಜಿಗುಲ್ ಗಂಡನಿಗೆ ಪಾತ್ರೆಯಲ್ಲೇ ಚಹಾ ಕಾಯಿಸಿ, ಕೆನೆ ಹಾಕಿ ಕೊಟ್ಟಳು. ಕಾಲಿಲ್ ಕಾಲು ಚಾಚಿ ಕೂತು ಕುಡಿದ. ಮನೆ ಖಾಲಿಯಾಗಿತ್ತು, ಮಗಳ ಸೀಟು ಹೋಗಿತ್ತು, ಆದರೂ ಹುಟ್ಟಿದಾಗಿನಿಂದ ಮೊದಲ ಬಾರಿಗೆ ಅವನಿಗೆ ತನ್ನ ಬೆನ್ನು ನೆಟ್ಟಗಿದೆ ಎನ್ನಿಸಿತು. ಜಿಬೆಕ್ ಹಸು ಹೊಡೆದುಕೊಂಡು ಬಂದಳು. ಅಪ್ಪ ಅಮ್ಮ ಅಕ್ಕಪಕ್ಕ ಕೂತು ನಗುವುದನ್ನು ನೋಡಿ, ಹಸುವನ್ನು ಗೂಟಕ್ಕೆ ಕಟ್ಟಿ, ಹಾಲು ಕರೆಯಲು ಕೂತಳು.

ಆಗ ಬೇಲಿಯ ಹಲಗೆ ಮುರಿದ ಸದ್ದಾಯಿತು. ಶೇಶೆನ್ ಗೇಟಿನವರೆಗೆ ಹೋಗುವಷ್ಟು ತಾಳ್ಮೆಯಿಲ್ಲದೆ ಬೇಲಿಯ ನಡುವಿನಿಂದಲೇ ಬಂದಿದ್ದ.

"ಕಾಲಿಲ್, ಸುಯುಂಚು."

"ಇಲ್ಲ," ಎಂದ ಕಾಲಿಲ್, ಚಹಾ ಕೆಳಗಿಡದೆ.

"ನೀನು ಇಲ್ಲ ಅಂದ್ರೂ ಹೇಳ್ದೇ ಇರಕ್ಕಾಗಲ್ಲ." ಶೇಶೆನ್ ಓಡಿ ಬಂದು ಕಾಲಿಲನನ್ನು ಚಹಾದ ಬಟ್ಟಲ ಸಮೇತ ತಬ್ಬಿಕೊಂಡ. ಅವನ ಗಲ್ಲ ಒದ್ದೆಯಾಗಿತ್ತು. "ನಿನ್ನಂಥ ಮನುಷ್ಯನ ಪಕ್ಕದಲ್ಲಿ ಇಪ್ಪತ್ತು ವರ್ಷ ಇದ್ದೂ ನಾನು ನಿನ್ನ ಅರ್ಥ ಮಾಡ್ಕೊಳ್ಳಲಿಲ್ಲ."

"ಏನಾಯ್ತು ಬೈಕೆ?"

"ವಿಶ್ವವಿದ್ಯಾಲಯದಿಂದ ಫೋನ್ ಬಂತು. ಪಟ್ಟಿ ಮುಚ್ಚೋ ಹೊತ್ತಿಗೆ ಸರಿಯಾಗಿ ಯಾವನೋ ಒಬ್ಬ ಬೇಡ ಅಂತ ಬರೆದಿದ್ನಂತೆ. ಒಂದು ಸೀಟು ಉಳೀತು. ನಮ್ಮ ಎಲ್ದಾರ್‌ಗೆ ಸಿಕ್ತು."

ತಾಜಿಗುಲ್ ಜಗಲಿಯಿಂದ ಎದ್ದು ನಿಂತಳು. "ಎಲ್ದಾರ್ ಎರಡನೆಯವನಲ್ವಾ?"

"ಅದನ್ನೇ ನಾನೂ ಕೇಳಿದೆ. ಮೊದಲನೆಯವರಿಗೇ ಮೂರು ಸಲ ಫೋನ್ ಮಾಡಿದ್ರಂತೆ. 'ಎಷ್ಟು ದೊಡ್ಡ ಸುದ್ದಿ ಆದ್ರೂ ನಮಗೆ ಬೇಡ, ಬೇಕಾದವರಿಗೆ ಹೇಳು' ಅಂದ್ರಂತೆ, ಗಂಡ ಹೆಂಡತಿ ಇಬ್ಬರೂ. ಆ ಹುಡುಗ ಇಂಥ ಜನಾನ ನೋಡೇ ಇಲ್ಲ ಅಂದ. ನನ್ ಮಗನಿಗೋಸ್ಕರ ಬಿಟ್ಕೊಟ್ಯಲ್ಲೋ ಕಾಲಿಲ್. ನನ್ ಸ್ವಂತ ತಮ್ಮನೂ ಹೀಗೆ ಮಾಡ್ತಿರಲಿಲ್ಲ."

ಕೊಟ್ಟಿಗೆಯ ಬಾಗಿಲಲ್ಲಿ ಹಾಲು ಬಕೆಟ್ಟಿಗೆ ಬೀಳುವ ಸದ್ದು ನಿಂತಿತು.

"ಅವನು," ಎಂದ ಕಾಲಿಲ್. ಬಟ್ಟಲು ಕೆಳಗಿಟ್ಟ. "ಆ ಫೋನಿನ ಹುಡುಗ. ನಿನ್ ಹತ್ರ ಏನಾದ್ರೂ ಕೇಳಿದ್ನಾ?"

"ಸುಯುಂಚು ಅಂದ. ನಾನು ಟಗರು ಕೊಡ್ತೀನಿ ಅಂದೆ. ನಗಾಡ್ಬಿಟ್ಟ. ತಮಾಷೆಗೆ ಹೇಳಿದೆ ಬೈಕೆ, ಏನೂ ಬೇಡ, ಒಂದು ಹೂಂ ಅನ್ನಿ ಸಾಕು ಅಂದ."

ತಾಜಿಗುಲ್ ಅಷ್ಟರಲ್ಲಿ ಫೋನು ಕಿತ್ತುಕೊಂಡು, ಕರೆ ಬಂದಿದ್ದ ನಂಬರಿಗೇ ತಿರುಗಿ ಒತ್ತಿದ್ದಳು. ಧ್ವನಿಮುದ್ರಿತ ಹೆಣ್ಣು ದನಿಯೊಂದು ಅಂಗಳಕ್ಕೆಲ್ಲ ಕೇಳುವ ಹಾಗೆ, ಕಚೇರಿಯ ಕೆಲಸ ಮುಗಿದಿದೆ, ಪ್ರವೇಶದ ಕೆಲಸ ಸಂಪೂರ್ಣ ಮುಕ್ತಾಯವಾಗಿದೆ, ಎಲ್ಲರಿಗೂ ಶುಭವಾಗಲಿ ಎಂದಿತು.

ಜಿಬೆಕ್ ಬಕೆಟ್ಟು ಹಿಡಿದು ಅಂಗಳಕ್ಕೆ ಬಂದಳು. ಅಪ್ಪನನ್ನು ನೋಡಿದಳು. ಅಮ್ಮನನ್ನು ನೋಡಿದಳು. ಅವಳ ಮುಖ ಒಂದು ಕ್ಷಣ ಅಳುವುದೋ ನಗುವುದೋ ಎಂದು ಲೆಕ್ಕ ಹಾಕಿತು.

"ಎಲ್ದಾರ್‌ಗೆ ಒಳ್ಳೇದಾಗ್ಲಿ ಬೈಕೆ," ಎಂದಳು ಕೊನೆಗೆ. "ಅವನಿಗೆ ಹೇಳಿ, ಪಾಠದ ಟಿಪ್ಪಣಿ ಎಲ್ಲ ಜೋಪಾನವಾಗಿ ಇಟ್ಟಿರ್ಲಿ. ಒಂದು ವರ್ಷ ತಡ ಆಗುತ್ತೆ ನಂಗೆ, ಅಷ್ಟೇ."

"ದೊಡ್ಡ ಮನಸ್ಸು," ಎಂದ ಶೇಶೆನ್ ಮೂಗು ಒರೆಸಿಕೊಳ್ಳುತ್ತ. "ಮನೆಯವರೆಲ್ಲ ದೊಡ್ಡ ಮನಸ್ಸಿನವರು." ಹೊರಡಲಿಲ್ಲ. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತ. "ಬೀದೀಲಿ ಇನ್ನೂ ಯಾರಿಗೂ ಹೇಳಿಲ್ಲ ಕಾಲಿಲ್. ಮೊದಲು ನಿನ್ನ ಹತ್ರಾನೇ ಓಡಿ ಬಂದೆ. ಪಕ್ಕದ ಮನೆ ಹುಡುಗನಿಗೆ ಸಿಕ್ಕಿದ್ದು ನಿನಗೂ ಸಂತೋಷದ ಸುದ್ದಿನೇ ಅಲ್ವಾ? ದೊಡ್ಡದೇನೂ ಬೇಡ. ಶಾಸ್ತ್ರಕ್ಕೆ ಏನಾದ್ರೂ."

ಕಾಲಿಲ್ ಬಾಯಿ ತೆರೆದ. ತುಸು ಹೊತ್ತಿನ ಹಿಂದೆ ಅಷ್ಟು ಸಲೀಸಾಗಿ ಬಂದಿದ್ದ ಆ ಮಾತು ಗಂಟಲಲ್ಲಿ ಎಲ್ಲಿಯೂ ಇರಲಿಲ್ಲ. ಅವನು ಜಗಲಿಯ ಮೇಲೆ ಕೂತು, ಬಗ್ಗಿ, ಬೂಟಿನ ದಾರ ಬಿಚ್ಚತೊಡಗಿದ.

ಜಿಬೆಕ್ ಬಕೆಟ್ಟು ಕೆಳಗಿಟ್ಟು ಅವನ ಪಕ್ಕದಲ್ಲಿ ಕೂತಳು.

"ಎರಡೂ ಕೊಡಬೇಡ ಅಪ್ಪ," ಎಂದಳು. "ಮುಂದಿನ ವರ್ಷಕ್ಕೆ ಒಂದು ಇಟ್ಕೋ."